ಬರವೂ ಬೇಸಾಯದ ವಿದ್ಯೆಯೂ

ನಮ್ಮ ನಾಡಿನ ಚರಿತ್ರೆಯನ್ನು ಬರೆದವರು ಅರಸರ ಕಾಳಗಗಳಿಗೂ ಕೋಟೆಗಳಿಗೂ ಕೊಟ್ಟಷ್ಟು ಎಡೆಯನ್ನು ರೈತನ ಹೊಲಕ್ಕೆ ಕೊಟ್ಟಿಲ್ಲ. ಶಿರಾ ಎಂದೊಡನೆ 1687ರಲ್ಲಿ ಮೊಗಲರು ಅಲ್ಲಿ ಸ್ಥಾಪಿಸಿದ ಸುಬಾ, ದಿಲಾವರಖಾನನ ಆಳ್ವಿಕೆ, ಬಳಿಕ ಮರಾಠರೂ ಹೈದರನೂ ಆ ಊರಿಗಾಗಿ ನಡೆಸಿದ ಪೈಪೋಟಿ, ಇವು ನೆನಪಿಗೆ ಬರುತ್ತವೆ. ಆದರೆ ತುಮಕೂರು ಪಟ್ಟಣದ ಶಿರಾ ಗೇಟಿನಿಂದ ಉತ್ತರಕ್ಕೆ ಹೊರಟ ದಾರಿಗೆ ಇನ್ನೊಂದು ಚರಿತ್ರೆಯೂ ಉಂಟು. ಆ ದಾರಿಯ ಎರಡು ಪಕ್ಕದಲ್ಲಿಯೂ ಹಬ್ಬಿರುವ ಕೆಂಪು ನೆಲದಲ್ಲಿ, ಮಳೆಯೊಂದನ್ನೇ ನಂಬಿದ ಜನರು, ಹಸಿವಿನೊಡನೆ ತಲೆತಲಾಂತರದಿಂದ ನಡೆಸಿಕೊಂಡು ಬಂದಿರುವ ಹೋರಾಟದ ಚರಿತ್ರೆ ಅದು. ಅದರಲ್ಲಿ ಗೆಲವೂ ಉಂಟು, ಘೋರವಾದ ಸೋಲೂ ಉಂಟು. ಈ ಭಾಷಣದಲ್ಲಿ ನಾವು ಅದನ್ನೇ ಕುರಿತು, ಮುಖ್ಯವಾಗಿ ಬೇಸಾಯದ ವಿದ್ಯೆಯನ್ನು ಯಾರು ಯಾರಿಂದ ಕಲಿತರು ಎಂಬುದನ್ನು ಕುರಿತು, ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಮೊದಲು ನೆಲದ ಸ್ಥಿತಿಯನ್ನು ತಿಳಿಯಬೇಕು. ತುಮಕೂರಿನಿಂದ ದಕ್ಷಿಣಕ್ಕೂ ಪಶ್ಚಿಮಕ್ಕೂ, ಎಂದರೆ ಕುಣಿಗಲು ಗುಬ್ಬಿಗಳ ಕಡೆಗೆ ಹೋದರೆ, ದೊಡ್ಡ ಕೆರೆಗಳೂ ಅವುಗಳ ಕೆಳಗೆ ಗದ್ದೆ ತೋಟಗಳೂ ಕಾಣುತ್ತವೆ. ಉತ್ತರಕ್ಕೆ ಶಿರಾ, ಮಧುಗಿರಿ, ಪಾವಗಡಗಳ ಕಡೆಗೆ ಹೋದಂತೆಲ್ಲ ಮಳೆ ಕಡಿಮೆಯಾಗುತ್ತದೆ. ಶಿರಾ ಪಾವಗಡಗಳಲ್ಲಿ ವರ್ಷಕ್ಕೆ 600 ಮಿಲಿಮೀಟರು ಮಳೆಯಾದರೆ ಅದೇ ಭಾಗ್ಯ. ಅದೂ ಒಂದೇ ಸಮನೆ ಬರುವುದಿಲ್ಲ. ಮುಂಗಾರು ಹನಿಯಿಕ್ಕಿ ಮರೆಯಾಗುವುದುಂಟು. ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಒಂದೆರಡು ದಿನದಲ್ಲಿಯೇ ಹುಯ್ದು ಹೊಲದ ಮಣ್ಣನ್ನು ಕೊಚ್ಚಿಕೊಂಡು ಹೋಗುವುದೂ ಉಂಟು. "ಮಳೆ ಬಂದು ಕೇಡಲ್ಲ, ಮಗ ಉಂಡು ಕೇಡಲ್ಲ" ಎಂಬ ಗಾದೆಯಲ್ಲಿ ಬಯಲುಸೀಮೆಯ ರೈತನ ಬಾಳೆಲ್ಲ ಅಡಗಿದೆ. ಉಷ್ಣವಲಯದ ಬೇಸಾಯದ ಕಷ್ಟವೇ ಇದು: ಬಿಸಿಲಿಗೆ ಕೊರತೆಯಿಲ್ಲ, ನೀರಿಗೆ ನೆಚ್ಚಿಕೆಯಿಲ್ಲ, ಮಣ್ಣಿನ ಸಾರ ಬೇಗನೆ ಸವೆಯುತ್ತದೆ.

ಇಂತಹ ನೆಲಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯವು ರಾಗಿಯ ಅಕ್ಕಡಿ ಬೇಸಾಯ. ಹೊಲವನ್ನು ಹಲವು ಸಲ ಉತ್ತು, ಕುಂಟೆ ಹೊಡೆದು, ಹದ ನೋಡಿ ಕೂರಿಗೆಯಲ್ಲಿ ರಾಗಿಯನ್ನು ಬಿತ್ತುವರು. ಕೆಲವು ಸಾಲು ರಾಗಿಯಾದ ಮೇಲೆ ಒಂದು ಸಾಲು ಅವರೆಯನ್ನೋ ತೊಗರಿಯನ್ನೋ, ಕೂರಿಗೆಯ ಹಿಂದೆ ಕಟ್ಟಿದ ಬಿದಿರಿನ ಕೊಳವೆಯಿಂದ ಬಿಡುವರು. ಅಂಚಿನಲ್ಲಿ ಹುಚ್ಚೆಳ್ಳು, ನಡುನಡುವೆ ಜೋಳ, ಹರಳು, ಅಲಸಂದೆ, ಸಾಸಿವೆ. ನೋಡುವವನಿಗೆ ಇದು ಗೊಂದಲವೆಂದು ತೋರಬಹುದು, ಅದರಲ್ಲಿ ಲೆಕ್ಕಾಚಾರವುಂಟು. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಹರಡುತ್ತದೆ. ತೊಗರಿಯ ಬೇರು ಆಳಕ್ಕಿಳಿದು ಅಲ್ಲಿಯ ತೇವವನ್ನು ಹಿಡಿಯುತ್ತದೆ. ಅವರೆ ತೊಗರಿಗಳು ತಮ್ಮ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಕೂಡಿಡುತ್ತವೆ. ಅದರ ಫಲ ಮಣ್ಣಿಗೂ ಸಲ್ಲುತ್ತದೆ. ಕಾರ್ತಿಕದ ವೇಳೆಗೆ ರಾಗಿಯ ಕೊಯ್ಲಾದರೆ, ಮಾಗಿಯ ಇಬ್ಬನಿಯನ್ನೇ ಕುಡಿದು ಸೊಗಡವರೆ ಕಾಯಿ ಕಟ್ಟುತ್ತದೆ, ಆಮೇಲೆ ತೊಗರಿ. ಮುಂಗಾರು ಕೈಕೊಟ್ಟರೆ ಹಿಂಗಾರಿನ ಬೆಳೆಯಾದರೂ ಉಳಿದೀತು ಎಂಬ ನಂಬಿಕೆ ಇದರ ಹಿಂದಿದೆ. ಹಿಟ್ಟಿಗೆ ರಾಗಿ, ಸಾರಿಗೆ ಕಾಳು, ಒಗ್ಗರಣೆಗೆ ಎಣ್ಣೆ, ದನಕ್ಕೆ ಹುಲ್ಲು, ಆ ದನದಿಂದ ಮರಳಿ ಹೊಲಕ್ಕೆ ತಿಪ್ಪೆಗೊಬ್ಬರ. ಇವೆಲ್ಲವೂ ಒಂದೇ ಹೊಲದಿಂದ ಒದಗುತ್ತಿದ್ದುವು.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ದೇಶವನ್ನು ಸಂಚರಿಸಿದನು. ಮಧುಗಿರಿ, ಶಿರಾ, ಗುಬ್ಬಿಗಳನ್ನೂ ಆತನು ನೋಡಿದನು. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಆತನ ಗ್ರಂಥದಲ್ಲಿ ಕೂರಿಗೆ ಕುಂಟೆಗಳ ವರ್ಣನೆಯೂ ಚಿತ್ರಗಳೂ, ರಾಗಿಯೊಡನೆ ಅವರೆ ತೊಗರಿಗಳನ್ನು ಸಾಲುಗಟ್ಟಿ ಬಿತ್ತುವ ಕ್ರಮವೂ ದಾಖಲಾಗಿವೆ. ಆತನು ಮೆಚ್ಚುವುದರಲ್ಲಿ ಧಾರಾಳಿಯಲ್ಲ. ನಮ್ಮ ಒಕ್ಕಲುತನವನ್ನು ಹಲವೆಡೆ ಹಳಿದಿದ್ದಾನೆ. ಆದರೂ ಕಂಡುದನ್ನು ಕಂಡಂತೆ ಬರೆದಿಟ್ಟುದರಿಂದ, ಈ ವಿದ್ಯೆ ಇನ್ನೂರು ವರ್ಷಕ್ಕೂ ಹಿಂದೆ ಪೂರ್ಣವಾಗಿ ಬೆಳೆದಿತ್ತೆಂಬುದಕ್ಕೆ ಆತನೇ ಸಾಕ್ಷಿಯಾಗಿದ್ದಾನೆ.

ಬೆಳೆದುದನ್ನು ಕಾಪಾಡುವ ವಿದ್ಯೆಯೂ ಇದರೊಡನೆಯೇ ಇದ್ದಿತು. ಗಟ್ಟಿನೆಲದಲ್ಲಿ ಕಿರಿದಾದ ಬಾಯಿಯೂ ವಿಶಾಲವಾದ ಒಡಲೂ ಇರುವಂತೆ ಹಗೇವನ್ನು ತೋಡಿ, ಒಳಗೆ ಹುಲ್ಲು ಹೊದಿಸಿ, ರಾಗಿಯನ್ನು ತುಂಬಿ, ಬಾಯಿಗೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಕೂಡಲೆ ಒಳಗಿಳಿದವನು ಕೆಟ್ಟ ಗಾಳಿಗೆ ಸಿಕ್ಕಿ ಪ್ರಾಣ ಬಿಡುವನಾದುದರಿಂದ, ಬಾಯಿ ತೆರೆದು ಗಾಳಿಯಾಡಲು ಬಿಟ್ಟು ಆಮೇಲೆ ಇಳಿಯುತ್ತಿದ್ದರು. ಭತ್ತ, ಜೋಳ, ಕಾಳುಗಳಿಗೆ ಹುಳು ಹಿಡಿದರೂ ರಾಗಿಗೆ ಹಿಡಿಯುವುದು ಅಪರೂಪ. ಕನಕದಾಸರು ತಮ್ಮ ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ವಾದ ಹೂಡಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಕೊನೆಗೆ ಕೆಡದೆ ಉಳಿದ ರಾಗಿಗೆ ರಾಮನಿಂದ ಮನ್ನಣೆ ಕೊಡಿಸಿರುವುದನ್ನು ನಮ್ಮ ಶ್ರೋತೃಗಳು ಬಲ್ಲರು. ಕವಿಯು ತೀರ್ಪನ್ನು ಕಟ್ಟಿರುವುದು ಹಗೇವಿನ ಅನುಭವದ ಮೇಲೆ ಎಂದು ನಾವು ಧಾರಾಳವಾಗಿ ಹೇಳಬಹುದು.

ಇಷ್ಟೆಲ್ಲ ವಿದ್ಯೆಯಿದ್ದ ನಾಡಿನಲ್ಲಿಯೇ 1876ರಿಂದ 1878ರವರೆಗೆ ಮಹಾಕ್ಷಾಮವು ತಲೆದೋರಿತು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದುದರಿಂದ ಜನರು ಅದನ್ನು ಧಾತು ಈಶ್ವರ ಬರವೆಂದು ಕರೆದರು. 1875ರಲ್ಲಿಯೇ ಮಳೆ ಸಾಲದೆ ಹೋಗಿತ್ತು. 1876ರಲ್ಲಿ ಮುಂಗಾರು ಹಿಂಗಾರುಗಳೆರಡೂ ಕೈಕೊಟ್ಟುವು. 1877ರಲ್ಲಿಯೂ ಮಳೆಗಾಲ ಕೊನೆಗೊಳ್ಳುವವರೆಗೆ ಆಕಾಶವು ಕರುಣಿಸಲಿಲ್ಲ. ಶಾಂತಸಾಗರದ ನೀರು ಬಿಸಿಯೇರಿ ಲೋಕದ ಮಳೆಗಾಲಗಳನ್ನು ಕೆಡಿಸುವ ಎಲ್ ನಿನೋ ಎಂಬ ವಿದ್ಯಮಾನವೇ ಇದಕ್ಕೆ ಮುಖ್ಯ ಕಾರಣವೆಂದು ಈಗಿನ ಶಾಸ್ತ್ರಜ್ಞರು ಹೇಳುತ್ತಾರೆ. ಅದೇ ವರ್ಷಗಳಲ್ಲಿ ಉತ್ತರ ಚೀಣದಲ್ಲಿಯೂ ಬ್ರೆಜಿಲಿನ ಈಶಾನ್ಯದಲ್ಲಿಯೂ ಜನರು ಹಸಿವಿನಿಂದ ಸತ್ತರು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412 ಇದ್ದಿತು; 1881ರಲ್ಲಿ ಅದು 41,86,188ಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆಯಲ್ಲಿ ಆರರಲ್ಲೊಂದು ಪಾಲಿಗೂ ಹೆಚ್ಚು ಕಡಿಮೆಯಾಯಿತು. ಸತ್ತವರು, ಊರು ಬಿಟ್ಟವರು, ಹುಟ್ಟದೆ ಹೋದವರು ಎಲ್ಲರೂ ಈ ಅಂಕಿಯ ಹಿಂದೆ ಇದ್ದಾರೆ.

ಅಕ್ಕಡಿಯೂ ಹಗೇವೂ ಇದ್ದ ನಾಡು ಏಕೆ ಸೋತಿತು? ಈ ಪ್ರಶ್ನೆಯನ್ನು ನಾವು ಮರೆಮಾಚಬಾರದು. ಒಂದು ಮಳೆ ತಪ್ಪಿದರೆ ತಾಳಿಕೊಳ್ಳುವ ಶಕ್ತಿ ಅಕ್ಕಡಿ ಹೊಲಕ್ಕೆ ಇದ್ದಿತು. ಮೇಲಿಂದ ಮೇಲೆ ಎಲ್ಲ ಮಳೆಗಳೂ ತಪ್ಪಿದಾಗ ಬಿತ್ತುವುದಕ್ಕೆ ಬೀಜವೇ ಇಲ್ಲದೆ ಹೋಯಿತು. ಹಗೇವು ಉಳ್ಳವನ ಮನೆಯ ಮುಂದೆ ಇದ್ದಿತು, ಕೂಲಿಕಾರನಿಗೆ ಹಗೇವಿರಲಿಲ್ಲ. ಬೆಲೆ ಏರಿದೊಡನೆ, ದುಡಿಮೆಯೂ ಇಲ್ಲದ ಆತನಿಗೆ ಕೊಳ್ಳುವ ಶಕ್ತಿಯೂ ಹೋಯಿತು. ಇನ್ನು ಹೊರಗಿನ ಧಾನ್ಯ. ರೈಲುದಾರಿ 1864ರಲ್ಲಿಯೇ ಮದರಾಸಿನ ಕಡೆಯಿಂದ ಬೆಂಗಳೂರನ್ನು ಮುಟ್ಟಿದ್ದರೂ ಅದರಿಂದ ಮುಂದೆ ಬಂದಿರಲಿಲ್ಲ. ಬೆಂಗಳೂರಿನಿಂದ ತುಮಕೂರಿಗೆ 70 ಕಿಲೋಮೀಟರು. ಅಲ್ಲಿಂದ ಶಿರಾ, ಪಾವಗಡ ಇನ್ನೂ ದೂರ. ಆ ದಾರಿಯಲ್ಲಿ ಗಾಡಿಯೆಳೆಯಬೇಕಾದ ಎತ್ತುಗಳು ಮೇವಿಲ್ಲದೆ ಮೊದಲೇ ಸತ್ತಿದ್ದುವು. ಧಾನ್ಯವು ಉತ್ತರಕ್ಕೆ ಹೋಗಲಾರದೆ ಇದ್ದಾಗ, ಜನರು ದಕ್ಷಿಣಕ್ಕೆ ನಡೆದರು. ಉತ್ತರದ ತಾಲ್ಲೂಕುಗಳವರಿಗೆ ಬೆಂಗಳೂರಿನ ದಾರಿ ತುಮಕೂರಿನ ಮೇಲೆಯೇ ಹಾಯ್ದು ಹೋಗುವುದರಿಂದ, ಈ ಪಟ್ಟಣವು ಆ ದುಃಖವನ್ನು ಕಣ್ಣಾರೆ ಕಂಡಿತೆಂಬುದರಲ್ಲಿ ಸಂಶಯವಿಲ್ಲ.

ಆದುದರಿಂದ ಹೊಲದ ವಿದ್ಯೆಯೊಂದೇ ಹಸಿವನ್ನು ಗೆಲ್ಲಲಾರದು. ಧಾನ್ಯದ ಸಂಗ್ರಹವೂ ದಾರಿಯೂ, ಬಡವನ ಕೈಗೆ ಕೂಲಿಯೂ ಇರಬೇಕು. ಕ್ಷಾಮವು ಕಲಿಸಿದ ಮೊದಲ ಪಾಠ ಇದು. 1881ರಲ್ಲಿ ಸಂಸ್ಥಾನವು ಮರಳಿ ಒಡೆಯರ ಕೈಗೆ ಬಂದಾಗ, ದಿವಾನ್ ರಂಗಾಚಾರ್ಲು ಅವರ ಮುಂದಿದ್ದುದು ಬರದಿಂದ ಬರಿದಾದ ಬೊಕ್ಕಸ. ಆದರೂ ರೈಲುದಾರಿಯ ಕೆಲಸಕ್ಕೆ ಅವರು ಹಿಂಜರಿಯಲಿಲ್ಲ. 1884ರಲ್ಲಿ ಬಂಡಿಯು ತುಮಕೂರನ್ನು ಮುಟ್ಟಿತು, 1889ರ ವೇಳೆಗೆ ಹರಿಹರದವರೆಗೂ ದಾರಿ ತೆರೆಯಿತು. ಇತ್ತ ಬ್ರಿಟಿಷ್ ಇಂಡಿಯಾದಲ್ಲಿ 1880ರ ಕ್ಷಾಮ ಕಮಿಷನ್ನಿನವರು, ಪ್ರಾಂತಗಳಲ್ಲಿ ವ್ಯವಸಾಯಕ್ಕೆಂದೇ ಪ್ರತ್ಯೇಕವಾದ ಶಾಖೆಗಳಿರಬೇಕೆಂದು ಸಲಹೆ ಮಾಡಿದರು. ಬೇಸಾಯವು ರೈತನ ಪಾಡು ಮಾತ್ರವೆಂದಿದ್ದ ಸರ್ಕಾರಗಳು, ಅದು ಕಲಿಯತಕ್ಕ ಮತ್ತು ಕಲಿಸತಕ್ಕ ವಿದ್ಯೆಯೆಂದು ಒಪ್ಪಿಕೊಂಡುದು ಹೆಣಗಳ ರಾಶಿಯನ್ನು ಕಂಡ ಮೇಲೆ.

ಮೈಸೂರಿನಲ್ಲಿ ಈ ಕೆಲಸವು 1899ರಲ್ಲಿ ಮೊದಲಾಯಿತು. ರೀಜೆಂಟರಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಬೆಂಗಳೂರಿನ ಬಳಿಯ ಹೆಬ್ಬಾಳದಲ್ಲಿ 30 ಎಕರೆ ನೆಲವನ್ನು ಪ್ರಯೋಗಕ್ಷೇತ್ರಕ್ಕಾಗಿ ಕೊಟ್ಟರು. ರಸಾಯನಶಾಸ್ತ್ರಜ್ಞರಾದ ಲೇಮನ್ನರು ಅಲ್ಲಿ ಮಣ್ಣು ಗೊಬ್ಬರಗಳ ಪರೀಕ್ಷೆಯನ್ನು ತೊಡಗಿದರು. 1908ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಸಂಸ್ಥಾನದ ಸೇವೆಗೆ ಬಂದರು; ಮುಂದೆ ವ್ಯವಸಾಯ ಶಾಖೆಯ ಡೈರೆಕ್ಟರಾಗಿ ಬಹುಕಾಲ ದುಡಿದರು. 1913ರಲ್ಲಿ ಹೆಬ್ಬಾಳದಲ್ಲಿ ವ್ಯವಸಾಯ ಪಾಠಶಾಲೆಯು ಆರಂಭವಾಯಿತು. ಅದೇ 1946ರಲ್ಲಿ ಕಾಲೇಜಾಗಿ, 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ತಾಯಿಬೇರಾಯಿತು.

ಕೋಲ್ಮನ್ನರು ಕೆಲಸ ಮಾಡಿದ ರೀತಿಯು ಗಮನಿಸತಕ್ಕುದು. ಮಲೆನಾಡಿನ ಅಡಕೆ ತೋಟಗಳಿಗೆ ಕೊಳೆರೋಗ ಬಿದ್ದು ಗೊನೆಗೆ ಗೊನೆಯೇ ಉದುರುತ್ತಿದ್ದಿತು. ತೋಟಿಗರು ಮಳೆಗಾಲಕ್ಕೆ ಮುಂಚೆ ಗೊನೆಗಳಿಗೆ ಕೊಟ್ಟೆ ಕಟ್ಟಿ ನೀರು ತಾಗದಂತೆ ಕಾಪಾಡುತ್ತಿದ್ದರು. ಗೊನೆಯ ಮೇಲೆ ನಿಲ್ಲುವ ತೇವವೇ ರೋಗಕ್ಕೆ ಸಹಾಯವೆಂಬುದು ಆ ಕೊಟ್ಟೆಯಲ್ಲಿಯೇ ಅಡಗಿದ್ದ ತಿಳಿವಳಿಕೆ. ಕೋಲ್ಮನ್ನರು ರೋಗದ ಬೂಷ್ಟನ್ನು ಪರಿಶೀಲಿಸಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಳೆಗೆ ತೊಳೆದುಹೋಗದಂತೆ ಅಂಟುಗೂಡಿಸಿ ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ಅಂದು ಬಂದ ಔಷಧವನ್ನು ಇಂದಿಗೂ ಅಡಕೆಯ ಸೀಮೆಯಲ್ಲಿ ಹೊಡೆಯುತ್ತಾರೆ. ರಾಗಿಯ ವಿಷಯದಲ್ಲಿಯೂ ಹೀಗೆಯೇ. 1910ರ ದಶಕದಲ್ಲಿ ಹೆಬ್ಬಾಳದವರು ರೈತರ ಹೊಲಗಳಲ್ಲಿದ್ದ ರಾಗಿಯಿಂದಲೇ ಒಳ್ಳೆಯ ತೆನೆಗಳನ್ನಾರಿಸಿ, ಬೇರೆಬೇರೆಯಾಗಿ ಬೆಳೆಸಿ, ಎಚ್ 22 ಎಂಬ ತಳಿಯನ್ನು ಹೊರತಂದರು. ಬೀಜವು ರೈತನದು, ಆರಿಸುವ ಶಿಸ್ತು ಶಾಸ್ತ್ರದ್ದು.

ಇದೇ ಕಾಲದಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಆಲ್ಬರ್ಟ್ ಹೋವರ್ಡ್ ಎಂಬ ಆಂಗ್ಲ ಸಸ್ಯಶಾಸ್ತ್ರಜ್ಞರು ಇದೇ ದಾರಿಯನ್ನು ಹಿಡಿದಿದ್ದರು. 1905ರಲ್ಲಿ ಪೂಸಾ ಕ್ಷೇತ್ರಕ್ಕೆ ಬಂದ ಅವರು, ರೈತರನ್ನೂ ಬೆಳೆಯ ಕೀಟರೋಗಗಳನ್ನೂ ತಮ್ಮ ಅಧ್ಯಾಪಕರೆಂದು ಭಾವಿಸಿದರು. ಕಸಕಡ್ಡಿ ಸಗಣಿಗಳನ್ನು ಪದರಪದರವಾಗಿ ಒಟ್ಟಿ ಗೊಬ್ಬರ ಮಾಡುವ ಇಂದೂರು ವಿಧಾನವು ಅವರ ಹೆಸರಿನೊಡನೆ ಲೋಕಕ್ಕೆಲ್ಲ ಹರಡಿತು. ಉಷ್ಣದೇಶದ ರೈತನಿಂದ ಕಲಿತುದನ್ನು ಶೀತದೇಶದವರು ಸಾವಯವ ಬೇಸಾಯವೆಂಬ ಹೆಸರಿನಿಂದ ಬೆಳೆಸಿದರು.

ಹೊರಗಿನಿಂದ ಬರುವುದೆಲ್ಲ ತ್ಯಾಜ್ಯವೆಂದು ಇದರಿಂದ ಯಾರೂ ಎಣಿಸಬಾರದು. ನಮ್ಮದೆಂದು ನಾವು ಹೆಮ್ಮೆಪಡುವ ರಾಗಿಯೇ ಪೂರ್ವ ಆಫ್ರಿಕದ ಎತ್ತರದ ನಾಡುಗಳಲ್ಲಿ ಹುಟ್ಟಿ, ಪ್ರಾಚೀನ ಕಾಲದಲ್ಲಿ ಕಡಲು ದಾಟಿ ಬಂದ ಧಾನ್ಯ. ಆ ಹಳೆಯ ನಂಟನ್ನು ಮತ್ತೆ ಕೂಡಿಸಿದವರು ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಫಾರಮಿನಲ್ಲಿ ದುಡಿದ ಲಕ್ಷ್ಮಣಯ್ಯನವರು; ರೈತರು ಅವರನ್ನು ರಾಗಿ ಲಕ್ಷ್ಮಣಯ್ಯನೆಂದೇ ಕರೆದರು. ರಾಗಿಯ ಹೂವು ಸಾಸಿವೆ ಕಾಳಿಗಿಂತಲೂ ಸೂಕ್ಷ್ಮ; ತನ್ನ ಪರಾಗದಿಂದ ತಾನೇ ಕಾಳು ಕಟ್ಟುವುದು. ಎರಡು ತಳಿಗಳನ್ನು ಕೂಡಿಸಬೇಕಾದರೆ ಅಪಾರ ತಾಳ್ಮೆ ಬೇಕು. ಆ ತಾಳ್ಮೆಯಿಂದ ಅವರು ನಮ್ಮ ರಾಗಿಯನ್ನು ದಪ್ಪ ತೆನೆಯ ಆಫ್ರಿಕದ ರಾಗಿಯೊಡನೆ ಬೆರಸಿ, ಎರಡು ಖಂಡಗಳ ಹೆಸರನ್ನೂ ಹೊತ್ತ ಇಂಡಾಫ್ ತಳಿಗಳನ್ನು 1970ರ ದಶಕದಲ್ಲಿ ರೈತರ ಕೈಗೆ ಕೊಟ್ಟರು. ಕರ್ನಾಟಕದಲ್ಲಿ ರಾಗಿಯ ಇಳುವರಿಯು ಹಿಂದಿನದಕ್ಕಿಂತ ಸುಮಾರು ಇಮ್ಮಡಿಯಾದುದಕ್ಕೆ ಇವರ ದುಡಿಮೆಯೇ ಮುಖ್ಯ ಕಾರಣ. 1990ರ ದಶಕದಲ್ಲಿ ಬೆಂಕಿ ರೋಗವನ್ನು ತಡೆಯುವ ಜಿಪಿಯು 28 ಎಂಬ ತಳಿಯು ಬೆಂಗಳೂರಿನಿಂದ ಬಂದು, ತುಮಕೂರಿನ ಹೊಲಗಳಿಗೂ ಹರಡಿತು.

ಹಳೆಯ ಅಕ್ಕಡಿಯನ್ನು ಹೊಸ ಶಾಸ್ತ್ರವು ಪರೀಕ್ಷಿಸಿ ನೋಡಿದಾಗ ಏನಾಯಿತು? ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಈಗ ಒಣಬೇಸಾಯಕ್ಕೆ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯೆಂದು ಸಲಹೆ ಕೊಡುತ್ತಾರೆ. ಬುಕಾನನ್ನನು ಕಂಡ ಹೊಲಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಸಾಲಿನ ಎಣಿಕೆ ಮಾತ್ರ ತೂಕ ಅಳತೆಗಳಿಂದ ನಿಶ್ಚಯವಾಗಿದೆ. ಅದೇ ವಿಶ್ವವಿದ್ಯಾನಿಲಯದ ಒಣಬೇಸಾಯ ಕ್ಷೇತ್ರದಲ್ಲಿ 1978ರಲ್ಲಿ ತೊಡಗಿ ದಶಕಗಳ ಕಾಲ ನಡೆದ ಗೊಬ್ಬರದ ಪ್ರಯೋಗವೊಂದುಂಟು. ರಾಸಾಯನಿಕ ಗೊಬ್ಬರವನ್ನೊಂದನ್ನೇ ಹಾಕಿದ ಪಟ್ಟೆಗಳಲ್ಲಿ ಮೊದಲು ಒಳ್ಳೆಯ ಬೆಳೆ ಬಂದು ವರ್ಷ ಕಳೆದಂತೆ ಇಳುವರಿ ತಗ್ಗಿತು; ತಿಪ್ಪೆಗೊಬ್ಬರವನ್ನೂ ಸೇರಿಸಿದ ಪಟ್ಟೆಗಳಲ್ಲಿ ಬೆಳೆಯು ಹೆಚ್ಚಾಗಿಯೂ ಸ್ಥಿರವಾಗಿಯೂ ನಿಂತಿತು. ತಿಪ್ಪೆಯ ಗೌರವವನ್ನು ರೈತನು ಬಲ್ಲನು. ಅದರ ಜೊತೆಗೆ ಅಳತೆಯರಿತ ರಾಸಾಯನಿಕವೂ ಸೇರಿದರೆ ಲಾಭವುಂಟೆಂಬುದನ್ನು ಪ್ರಯೋಗಶಾಲೆಯು ತೋರಿಸಿತು. ಇಬ್ಬರೂ ಒಬ್ಬರಿಂದೊಬ್ಬರು ಕಲಿತರು.

ಈಗಿನ ಸ್ಥಿತಿಯನ್ನು ನೋಡೋಣ. ಧಾತು ಈಶ್ವರ ಬರದಂತಹ ಸಾವು ಮತ್ತೆ ಈ ಜಿಲ್ಲೆಯನ್ನು ಮುಟ್ಟಿಲ್ಲ. ರೈಲು, ರಸ್ತೆ, ನ್ಯಾಯಬೆಲೆಯ ಅಂಗಡಿ, 2013ರ ಆಹಾರ ಭದ್ರತಾ ಕಾಯಿದೆ, ಇವೆಲ್ಲ ಒಂದು ಬಗೆಯ ಸಾರ್ವಜನಿಕ ಹಗೇವುಗಳು. ಕರ್ನಾಟಕ ಸರ್ಕಾರದವರು ಬೆಂಬಲ ಬೆಲೆ ಕೊಟ್ಟು ರಾಗಿಯನ್ನು ಕೊಂಡು ಪಡಿತರದಲ್ಲಿ ಹಂಚಿದ್ದಾರೆ. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ಸಾವಿರಾರು ಬಡ ವಿದ್ಯಾರ್ಥಿಗಳಿಗೆ ನಿತ್ಯವೂ ಅನ್ನ ದೊರಕುತ್ತದೆ. ಅದಕ್ಕೆ ಸುತ್ತಣ ಹಳ್ಳಿಗಳ ರೈತರು ತಮ್ಮ ಕಣದಿಂದ ದವಸ ಕೊಡುತ್ತ ಬಂದಿದ್ದಾರೆ. ಅಲ್ಲಿಯ ಜಾತ್ರೆಯ ದನಗಳ ಪರಿಷೆಯೂ ವಸ್ತುಪ್ರದರ್ಶನವೂ ಒಕ್ಕಲಿಗರು ಪರಸ್ಪರ ನೋಡಿ ಕಲಿಯುವ ಪಾಠಶಾಲೆಗಳೇ ಆಗಿವೆ. ವಿಶ್ವಸಂಸ್ಥೆಯವರು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದುದರಿಂದ, ಒಂದು ಕಾಲಕ್ಕೆ ಬಡವರ ಹಿಟ್ಟೆಂದು ಹೀನಾಯಕ್ಕೆ ಗುರಿಯಾದ ರಾಗಿಯು ಪಟ್ಟಣಿಗರ ಪಂಕ್ತಿಯನ್ನೂ ಸೇರಿದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇರುವುದನ್ನು ವೈದ್ಯರೂ ಎತ್ತಿ ಹೇಳುತ್ತಿದ್ದಾರೆ.

ಆದರೆ ಹೊಲದ ಕಡೆಗೆ ತಿರುಗಿದರೆ ಚಿಂತೆಗೆ ಕಾರಣವಿಲ್ಲದಿಲ್ಲ. ಪಾವಗಡ ಶಿರಾಗಳ ಕಡೆ ಬಹುಕಾಲ ಕಡಲೆಕಾಯಿಯೊಂದೇ ಹೊಲವನ್ನಾವರಿಸಿ, ಮಳೆ ತಪ್ಪಿದ ವರ್ಷ ರೈತನಿಗೆ ಇನ್ನೊಂದು ಆಸರೆಯಿಲ್ಲದಂತೆ ಮಾಡಿತು. ಇತರೆಡೆಗಳಲ್ಲಿ ಕೊಳವೆಬಾವಿ ಕೊರೆಸಿ ಅಡಕೆ ನೆಡುವುದು ಹಬ್ಬಿದೆ. ಜಿಲ್ಲೆಯ ಹಲವು ತಾಲ್ಲೂಕುಗಳಲ್ಲಿ ಮಳೆಯಿಂದ ಭೂಮಿಗೆ ಇಳಿಯುವುದಕ್ಕಿಂತ ಹೆಚ್ಚು ನೀರನ್ನು ಎತ್ತಲಾಗುತ್ತಿದೆಯೆಂದು ಅಂತರ್ಜಲದ ಸರ್ಕಾರಿ ಲೆಕ್ಕಗಳೇ ಹೇಳುತ್ತವೆ. ಹಗೇವನ್ನು ತುಂಬದೆ ತೋಡುತ್ತಲೇ ಹೋದರೆ ಏನಾಗುವುದೆಂಬುದನ್ನು ಹಿರಿಯರು ಬಲ್ಲರು. 1860ರ ದಶಕದಲ್ಲಿ ಮೈಸೂರಿನ ಎಂಜಿನಿಯರಾಗಿದ್ದ ಸ್ಯಾಂಕಿಯವರು, ಈ ದೇಶದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದು ಬೆರಗಾಗಿದ್ದರು. ಅಷ್ಟು ಕೆರೆಗಳನ್ನು ಕಟ್ಟಿದ ನಾಡಿನಲ್ಲಿ ಹೂಳೆತ್ತುವವರಿಲ್ಲದೆ ಕೆರೆಗಳು ಬತ್ತಿವೆ. ಬೇಸಗೆಯಲ್ಲಿ ಕೆರೆಗೋಡನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದಾಗ, ಕೆರೆಗೂ ಹೊಲಕ್ಕೂ ಒಂದೇ ಕೆಲಸದಿಂದ ಹಿತವಾಗುತ್ತಿದ್ದಿತು.

ಇದಕ್ಕಿಂತಲೂ ಮೆಲ್ಲನೆ ಆಗುತ್ತಿರುವ ನಷ್ಟವೊಂದುಂಟು. ಯಾವ ಮಳೆಗೆ ಯಾವ ಬೀಜ, ಎಷ್ಟು ಸಾಲಿಗೆ ಯಾವ ಕಾಳು, ರಾಗಿ ತಡವಾದರೆ ಅದರ ಬದಲು ಏನನ್ನು ಬಿತ್ತಬೇಕು, ಈ ತಿಳಿವಳಿಕೆಯು ಪುಸ್ತಕದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಮುದುಕರ ನಾಲಗೆಯಲ್ಲಿಯೂ ಬೀಜ ಕಾದಿಡುವ ಹೆಂಗಸರ ಕೈಯಲ್ಲಿಯೂ ಇದೆ. ಮಕ್ಕಳು ಶಿರಾ ಗೇಟಿನಲ್ಲಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದರೆ ಅದು ತಪ್ಪಲ್ಲ. ವಿದ್ಯೆಗೂ ದುಡಿಮೆಗೂ ಹೋಗಲೇಬೇಕು. ಆದರೆ ಕೇಳಿ ಬರೆದುಕೊಳ್ಳುವವರಿಲ್ಲದೆ ಆ ಮುದುಕರು ತೀರಿಕೊಂಡರೆ, ತಲೆಮಾರುಗಳ ಪ್ರಯೋಗದ ಫಲವು ಅವರೊಡನೆಯೇ ಮಣ್ಣಾಗುವುದು. ಮಳೆಯ ಕ್ರಮವು ಲೋಕದಲ್ಲೆಲ್ಲ ಕೆಡುತ್ತಿರುವ ಈ ಕಾಲದಲ್ಲಿ, ಅನಿಶ್ಚಯದ ಮಳೆಯಲ್ಲಿ ಬದುಕುವುದನ್ನು ಕಲಿತ ಜನರ ಅನುಭವವು ನಮಗೆ ಮಾತ್ರವಲ್ಲ, ರಾಗಿಯ ತವರಾದ ಆಫ್ರಿಕದವರಿಗೂ ಬೇಕಾದೀತು.

ಧಾತು ಈಶ್ವರ ಬರದಲ್ಲಿ ಹೊಲದ ವಿದ್ಯೆಯಿದ್ದಿತು, ದಾರಿಯಿರಲಿಲ್ಲ. ಈಗ ದಾರಿಯಿದೆ, ಹೊಲದ ವಿದ್ಯೆ ಕೈಬಿಡುತ್ತಿದೆ. ಎರಡೂ ಕೂಡಿದಲ್ಲಿ ಮಾತ್ರ ಹಸಿವಿಗೆ ಸೋಲುಂಟು. ಕೋಲ್ಮನ್ನರು ತೋಟಿಗನ ಕೊಟ್ಟೆಯನ್ನು ನೋಡಿದಂತೆ, ಲಕ್ಷ್ಮಣಯ್ಯನವರು ರಾಗಿಯ ಸೂಕ್ಷ್ಮ ಹೂವನ್ನು ನೋಡಿದಂತೆ, ನಮ್ಮ ಶಾಲೆ ಕಾಲೇಜುಗಳ ತರುಣರು ವರ್ಷಕ್ಕೊಮ್ಮೆಯಾದರೂ ತಮ್ಮ ಊರಿನ ಹಳೆಯ ಒಕ್ಕಲಿಗರ ಹೊಲದಲ್ಲಿ ನಿಂತು, ಸಾಲುಗಳನ್ನೆಣಿಸಿ, ಕೇಳಿ, ಬರೆದುಕೊಳ್ಳಲಿ. ಇದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ, ಹಣವೂ ಬೇಕಿಲ್ಲ. ಮುಂದಿನ ಆರಿದ್ರ ಮಳೆಯವರೆಗೆ ಕಾಯುವ ತಾಳ್ಮೆಯಿದ್ದರೆ ಸಾಕು.